ಬಾಗಿಲಿನ ಫೋಟೋ, ಗಿರಣಿಯ ಪಾರ್ಸೆಲ್

ಪಾರ್ಸೆಲ್ ಕಂಪನಿಯ ಷೇರು ಪೇಟೆಗೆ ಬಂದ ದಿನ ನಮ್ಮ ಬೆಟಗೇರಿ ಗೋದಾಮಿಗೆ ಹುಬ್ಬಳ್ಳಿಯಿಂದ ಎರಡು ಡಬ್ಬಿ ಪೇಢೆ, ಹನ್ನೊಂದು ಟೀ ಶರ್ಟು ಬಂದವು. ಶರ್ಟುಗಳೆಲ್ಲ ಒಂದೇ ಅಳತೆ. ನನಗೆ ಹೊಟ್ಟೆಯ ಮೇಲೆ ಬಿಗಿ, ಶಿರಹಟ್ಟಿ ದಾರಿಯ ರೈಡರಿಗೆ ಮೊಣಕಾಲವರೆಗೆ ಉದ್ದ. ಮುಂಬೈಯ ಷೇರು ಪೇಟೆಯಲ್ಲಿ ಯಾರೋ ಗಂಟೆ ಬಾರಿಸುವುದನ್ನು ಮೊಬೈಲಿನಲ್ಲಿ ನೋಡಿ, ಪೇಢೆ ತಿಂದು, ಅಂದಿನ ಪಾರ್ಸೆಲ್ ಹಂಚಲು ಹೊರಟೆವು. ಇದರಿಂದ ನಮಗೇನೂ ಬದಲಾಗುವುದಿಲ್ಲ ಎಂದು ಎಲ್ಲರಿಗೂ ಹೇಳಿದವನು ನಾನೇ.

ಆ ಗೋದಾಮಿನ ಉಸ್ತುವಾರಿ ನನ್ನದು. ಬೆಳಿಗ್ಗೆ ಆರಕ್ಕೆ ಲಾರಿ ಬರುತ್ತದೆ. ಪ್ರತಿ ಪಾರ್ಸೆಲನ್ನೂ ಸ್ಕ್ಯಾನ್ ಮಾಡಿ, ಊರ ಪ್ರಕಾರ ಬೇರ್ಪಡಿಸಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಸೀಮೆಸುಣ್ಣದಲ್ಲಿ ಬರೆದ ಚೀಲಗಳಿಗೆ ತುಂಬಬೇಕು. ಏಳೂವರೆಗೆ ರೈಡರ್‌ಗಳು ಹೊರಗೆ ಬಿದ್ದಿರಬೇಕು. ನನ್ನಂಥ ಉಸ್ತುವಾರಿಗಳಿಗೂ ಒಂದಿಷ್ಟು ಷೇರು ಕೊಡುತ್ತೇವೆಂದು ಕಂಪನಿಯಿಂದ ಪತ್ರ ಬಂದಿತ್ತು. ಒಂದು ವರ್ಷ ದಾಖಲೆಯಲ್ಲಿ ಕಲೆಯಿಲ್ಲದೆ ನಿಂತರೆ ಅವು ನನ್ನವು. ಅಂದಿನಿಂದ ನನಗೊಂದು ರೋಗ ಹತ್ತಿಕೊಂಡಿತು. ಅರ್ಧ ತಾಸಿಗೊಮ್ಮೆ ಮೊಬೈಲ್ ತೆಗೆದು ಷೇರಿನ ಬೆಲೆ ನೋಡುವುದು. ಬೆಲೆ ಎರಡು ರೂಪಾಯಿ ಇಳಿದಿದ್ದರೆ ಹೆಂಡತಿ ಮಾಡಿದ ಬದನೆಕಾಯಿ ಎಣ್ಣೆಗಾಯಿಯೂ ಸಪ್ಪೆ ಎನಿಸುತ್ತಿತ್ತು. ಅವಳು ಒಂದು ದಿನ ತಾಟು ಎಳೆದುಕೊಂಡು, "ಮೊದ್ಲ ಆ ಡಬ್ಬಿ ಕೆಳಗ ಇಡ್ರಿ, ಆಮ್ಯಾಲ ರೊಟ್ಟಿ" ಎಂದಳು.

ಷೇರು ಪೇಟೆಗೆ ಬರುವ ಮುಂಚೆ ನಮ್ಮ ಏರಿಯಾ ಮ್ಯಾನೇಜರ್ ಹುಬ್ಬಳ್ಳಿಯಿಂದ ಫೋನ್ ಮಾಡಿದರೆ ಕೇಳುತ್ತಿದ್ದುದು ಒಂದೇ ಮಾತು: "ಮುಟ್ಟಿತೇನ್ರಿ?" ಹೇಗೆ ಮುಟ್ಟಿಸಿದಿರಿ ಎಂದು ಕೇಳುತ್ತಿರಲಿಲ್ಲ. ಯಾರೂ ಹೋಗದ ಹಳ್ಳಿಗೂ ಹೋಗುತ್ತೇವೆ ಎಂದು ಕಂಪನಿ ಹೆಸರು ಮಾಡಬೇಕಿದ್ದ ಕಾಲ ಅದು. ಹೊಸ ಊರು ಸೇರಿಸಿದರೆ ಶಭಾಸ್ ಸಿಗುತ್ತಿತ್ತು.

ಹೇಗೆ ಮುಟ್ಟಿಸುತ್ತಿದ್ದೆವು ಎನ್ನುವುದನ್ನು ಇಲ್ಲೇ ಹೇಳಬೇಕು. ರೈಡರ್ ಹಳ್ಳಿ ತಲುಪುವಷ್ಟರಲ್ಲಿ ಮನೆಗಳಿಗೆಲ್ಲ ಬೀಗ ಬಿದ್ದಿರುತ್ತದೆ. ಶೇಂಗಾ ಕೀಳುವುದೋ, ಮೆಣಸಿನಕಾಯಿ ಬಿಡಿಸುವುದೋ, ಅಂತೂ ಜನ ಹೊಲದಲ್ಲಿ. ನಮ್ಮ ಶಿರಹಟ್ಟಿ ದಾರಿಯ ರೈಡರ್ ಆ ಭಾಗದವನೇ, ನಲವತ್ತರ ಹತ್ತಿರದವನು, ಮೊದಲು ಟಂಟಂ ಆಟೋ ಓಡಿಸಿಕೊಂಡಿದ್ದವನು. ಅವನು ಇದಕ್ಕೊಂದು ದಾರಿ ಹುಡುಕಿದ್ದ. ಪಾರ್ಸೆಲ್‌ಗಳನ್ನು ಊರಿನ ಹಿಟ್ಟಿನ ಗಿರಣಿಯಲ್ಲಿ ಇಟ್ಟುಬಿಡುವುದು.

"ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು ಅಂತಿದ್ರು, ಸರ" ಎಂದು ನನಗೆ ಪಾಠ ಹೇಳಿದ್ದ. "ಈಗ ಮನಿಮನಿಗೆ ನಳ ಬಂದಾವ, ನೀರಿಗೆ ಯಾರೂ ಬರೂದಿಲ್ಲ. ಗಿರಣಿಗೆ ಮಾತ್ರ ಬರಾಕಬೇಕು. ರೊಟ್ಟಿ ತಿನ್ನದ ಮನಿ ಯಾವುದೈತಿ ಹೇಳ್ರಿ?"

ಅವನ ದಾರಿಯ ದೊಡ್ಡ ಹಳ್ಳಿಯ ಗಿರಣಿ ನಡೆಸುವವಳು ಐವತ್ತು ದಾಟಿದ ಗಟ್ಟಿ ಹೆಂಗಸು. ಊರಿಗೆಲ್ಲ ಗಿರಣಿ ಅಕ್ಕ. ಜೋಳದ ಬುಟ್ಟಿಗೆ ಮುಚ್ಚಿದ ಬಟ್ಟೆ ನೋಡಿಯೇ ಅದು ಯಾರ ಮನೆಯದೆಂದು ಹೇಳುವವಳು. ಬೀಸಿದ ಹಿಟ್ಟಿನ ಮೇಲೆ ಆ ಮನೆಯ ಪಾರ್ಸೆಲ್ ಇಟ್ಟು ಬುಟ್ಟಿ ಎತ್ತಿಸುತ್ತಿದ್ದಳು. ಇದಕ್ಕೆ ಏನಾದರೂ ಕೊಡಲು ಹೋದರೆ, "ಪಾರ್ಸೆಲ್ ನೆವಕ್ಕ ಮಂದಿ ನನ್ನ ಗಿರಣಿಗೇ ಬರ್ತಾರಲ್ರಿ, ಅಷ್ಟ ಸಾಕು" ಎಂದು ನಗುತ್ತಿದ್ದಳು. ಅದನ್ನು ನೋಡಿ ಲಕ್ಷ್ಮೇಶ್ವರ, ಮುಂಡರಗಿ ದಾರಿಯ ರೈಡರ್‌ಗಳೂ ತಮ್ಮ ತಮ್ಮ ಹಳ್ಳಿಗಳಲ್ಲಿ ಗಿರಣಿ ಹಿಡಿದರು. ಹೀಗೆ ಹತ್ತೊಂಬತ್ತು ಊರಾದವು. ಒಂದು ಪಾರ್ಸೆಲೂ ಕಳೆದಿರಲಿಲ್ಲ.

ಷೇರು ಪೇಟೆಗೆ ಬಂದ ಮೇಲೆ ಫೋನಿನ ಮಾತು ಬದಲಾಯಿತು. ಮೂರು ತಿಂಗಳಿಗೊಮ್ಮೆ ಕಂಪನಿ ತನ್ನ ಲೆಕ್ಕವನ್ನು ಊರಿಗೆಲ್ಲ ಬಿಚ್ಚಿ ತೋರಿಸಬೇಕು. ಆದ್ದರಿಂದ ನಾವು ದಿನಕ್ಕೆ ಮೂರು ಸಲ ತೋರಿಸಬೇಕು. "ಮೊದಲ ಸಲಕ್ಕೇ ಮುಟ್ಟಿದ್ದು ಎಷ್ಟು? ಒಂದು ಪಾರ್ಸೆಲಿಗೆ ಪೆಟ್ರೋಲ್ ಎಷ್ಟು? ನಿಮ್ಮ ದಾರಿ ಯಾಕ ಕೆಂಪದ?" ಮೂರೂ ದಾರಿಗಳು ಪರದೆಯ ಮೇಲೆ ಹಸಿರೋ ಕೆಂಪೋ ಆಗಿ ಕೂತಿರುತ್ತಿದ್ದವು. ಮನುಷ್ಯನ ಜ್ವರ ನೋಡಿದ ಹಾಗೆ ನಾನು ಅವನ್ನು ನೋಡುತ್ತಿದ್ದೆ.

ಆಮೇಲೆ ಬಂದದ್ದು ಬಾಗಿಲ ನಿಯಮ. ದೊಡ್ಡ ಊರುಗಳಲ್ಲಿ ಕೆಲವು ರೈಡರ್‌ಗಳು ಮನೆಗೆ ಹೋಗದೆಯೇ ಹೋದೆವೆಂದು ಮೊಬೈಲಿನ ಆ್ಯಪಿನಲ್ಲಿ ಒತ್ತುತ್ತಿದ್ದರಂತೆ. ಷೇರು ಕೊಂಡವರ ಸಭೆಯಲ್ಲಿ ಯಾರೋ ಅದನ್ನೆತ್ತಿ ಕೇಳಿದ್ದರಂತೆ. ಕೇಳಿದ್ದು ತಪ್ಪಲ್ಲ, ಅವರ ದುಡ್ಡು. ಹೊಸ ನಿಯಮದ ಪ್ರಕಾರ ಪ್ರತಿ ಪಾರ್ಸೆಲನ್ನೂ ಗಿರಾಕಿಯ ಬಾಗಿಲ ಮುಂದಿಟ್ಟು ಫೋಟೋ ತೆಗೆಯಬೇಕು, ಆ ಜಾಗ ಮನೆಯಿಂದ ಐವತ್ತು ಮೀಟರ್ ಒಳಗಿರಬೇಕು, ಗಿರಾಕಿಯ ಮೊಬೈಲಿಗೆ ಬಂದ ಒಟಿಪಿ ಹಾಕಬೇಕು. ಗಿರಣಿಯಲ್ಲಿ ನಿಂತು ಒತ್ತಿದರೆ ಆ್ಯಪ್ ಒಪ್ಪುವುದಿಲ್ಲ.

ಮೆಣಸಿನಕಾಯಿ ಬಿಡಿಸುವ ಕಾಲ ಅದು. ಬಾಗಿಲಿಗೆ ಹೋದರೆ ಬೀಗ. ಸಂಜೆ ಮತ್ತೆ ಹೋಗಲು ಹತ್ತೊಂಬತ್ತು ಊರು ಎಲ್ಲಿ, ಮೂರು ಬೈಕು ಎಲ್ಲಿ. ಅರ್ಧಕ್ಕರ್ಧ ಪಾರ್ಸೆಲ್ ಗೋದಾಮಿಗೆ ವಾಪಸಾದವು. ಒಂದೇ ವಾರದಲ್ಲಿ ಮೂರೂ ದಾರಿ ಕೆಂಪು. ಏರಿಯಾ ಮ್ಯಾನೇಜರ್, "ಹಿಂಗಾದ್ರ ಆ ಕಡೆ ಹಳ್ಳಿ ಬಂದ್ ಮಾಡ್ತಾರ್ರಿ, ನೋಡ್ಕೋರಿ" ಎಂದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆಗ ಉಪಾಯ ಹೊಳೆದದ್ದು ನನಗೆ. ಇದನ್ನು ಒತ್ತಿ ಹೇಳುತ್ತೇನೆ, ಹೊಳೆದದ್ದು ನನಗೇ. ಹಳ್ಳಿ ದಾರಿಯ ಮೂವರು ರೈಡರ್‌ಗಳನ್ನೂ ನಿಲ್ಲಿಸಿಕೊಂಡು ಹೇಳಿದೆ: ಮೊದಲು ಮನೆ ಮನೆಗೆ ಹೋಗಿ. ಬೀಗವಿದ್ದರೂ ಪಾರ್ಸೆಲನ್ನು ಹೊಸ್ತಿಲ ಮೇಲಿಟ್ಟು ಫೋಟೋ ಹೊಡೆಯಿರಿ. ಹೊಲದಲ್ಲಿದ್ದವರಿಗೆ ಫೋನ್ ಮಾಡಿ ಒಟಿಪಿ ಕೇಳಿ ಹಾಕಿ. ಊರು ಬಿಡುವಾಗ ಎಲ್ಲವನ್ನೂ ಗಿರಣಿಯಲ್ಲಿ ಇಟ್ಟು ಬನ್ನಿ.

ಶಿರಹಟ್ಟಿ ದಾರಿಯ ರೈಡರ್ ತಲೆ ಕೆರೆದುಕೊಂಡ. "ಇದು ಸುಳ್ಳಾಗೂದಿಲ್ಲೇನ್ರಿ, ಸರ?"

"ಬಾಗಲಕ ಹೋಗೂದು ಖರೆ, ಫೋಟೋ ಖರೆ, ಒಟಿಪಿ ಖರೆ. ಸುಳ್ಳು ಎಲ್ಲೈತಿ ತೋರಸು."

ಅವನಿಗೆ ತೋರಿಸಲಾಗಲಿಲ್ಲ. ನನಗೂ ಕಾಣಲಿಲ್ಲ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಹದಿನೈದು ದಿನದಲ್ಲಿ ಮೂರೂ ದಾರಿ ಹಸಿರಾದವು. ಬೆಳಗಿನ ಫೋನ್ ಸಭೆಯಲ್ಲಿ ಏರಿಯಾ ಮ್ಯಾನೇಜರ್ ಉಳಿದ ಉಸ್ತುವಾರಿಗಳಿಗೆ, "ಬೆಟಗೇರಿಯವರನ್ನ ನೋಡಿ ಕಲೀರಿ" ಎಂದರು. ನಾನು ಹಿಗ್ಗಿದೆ. ಅಂದು ಷೇರೂ ಏರಿತ್ತು.

ಯುಗಾದಿ ಮುಗಿಯಿತು. ಹಬ್ಬಕ್ಕೆ ತರಿಸಿದ ಬಟ್ಟೆಗಳಲ್ಲಿ ಅಳತೆ ಸರಿಯಾಗದವು ವಾಪಸ್ ಹೊರಡುವ ಕಾಲ. ಹೆಂಗಸರು ಅವನ್ನೂ ಜೋಳದ ಬುಟ್ಟಿಯ ಜೊತೆ ತಂದು ಗಿರಣಿ ಅಕ್ಕನ ಕೈಗೆ ಕೊಟ್ಟರು. ಅವು ಅಲ್ಲಿ ಎರಡು ಮೂರು ದಿನ ಹಲಗೆಯ ಮೇಲೆ ಕೂತವು. ಗಿರಣಿಯಲ್ಲಿ ಎರಡು ದಿನ ಇಟ್ಟ ವಸ್ತು ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾವು ದಿನಾ ನೋಡಿ ನೋಡಿ ನಮ್ಮ ಕಣ್ಣಿಗೆ ಅದು ಬೀಳುವುದನ್ನೇ ಬಿಟ್ಟಿತ್ತು. ಗೋದಾಮಿಗೆ ಬಂದಾಗ ಒಂದು ಬಟ್ಟೆಯಿಂದ ಒರೆಸಿ, ಸ್ಕ್ಯಾನ್ ಮಾಡಿ, ಲಾರಿಗೆ ಹಾಕಿದೆವು.

ಬೆಂಗಳೂರಿನ ದೊಡ್ಡ ಉಗ್ರಾಣದಲ್ಲಿ ಅವನ್ನು ಬಿಚ್ಚಿದರು. ಬಿಚ್ಚಿದವನಿಗೆ ಸೀನು ಹತ್ತಿತು. ಮಡಿಕೆಯಲ್ಲಿ ಬಿಳಿ ಪುಡಿ. ಎರಡನೆಯದರಲ್ಲೂ ಪುಡಿ, ಮೂರನೆಯದರಲ್ಲೂ ಪುಡಿ. ಇಡೀ ರಾಶಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬದಿಗಿಟ್ಟು, 'ಸಂಶಯಾಸ್ಪದ ಪುಡಿ' ಎಂದು ಕೆಂಪು ತಲೆಬರಹದ ಮೇಲ್ ಕಳಿಸಿದರು. ಜೊತೆಗೊಂದು ಫೋಟೋ: ನೀಲಿ ಪ್ಯಾಂಟಿನ ಮೇಲೆ ಐದೂ ಬೆರಳು ಎದ್ದು ಕಾಣುವ ಬಿಳಿ ಅಂಗೈ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅದು ಜೋಳದ ಹಿಟ್ಟು, ಗಿರಣಿ ಅಕ್ಕನ ಕೈ. ನಗು ಮುಗಿಯುವ ಮುಂಚೆಯೇ ಮೇಲ್‌ನಲ್ಲಿದ್ದ ಪಾರ್ಸೆಲ್ ನಂಬರುಗಳನ್ನು ತೆಗೆದು ಯಾವ ದಾರಿಯವೆಂದು ನೋಡಿದೆ.

ಪುಡಿ ಸಿಕ್ಕ ಪಾರ್ಸೆಲ್‌ಗಳೆಲ್ಲ ಶಿರಹಟ್ಟಿ ದಾರಿಯವು. ಅಂದು ಮಧ್ಯಾಹ್ನವೇ ಆ ರೈಡರಿನ ಐಡಿಗೆ ಬೀಗ ಬಿತ್ತು. ಚೀಲದಲ್ಲಿ ಇನ್ನೂ ಪಾರ್ಸೆಲ್ ಇರುವಾಗಲೇ, ಊರ ನಡುವೆ. ಅವನು ಫೋನ್ ಮಾಡಿದ. "ಸರ, ಆ್ಯಪ್ ನನ್ನ ಹೊರಗ ಹಾಕೇತಿ. ಏನ ಒತ್ತಿದ್ರೂ ಒಳಗ ಬಿಡವಲ್ದು."

ಪಾರ್ಸೆಲ್‌ಗಳನ್ನು ಮನೆ ಬಿಟ್ಟು ಬೇರೆಲ್ಲೋ ಇಡಲಾಗಿದೆ ಎಂದು ವಿವರಣೆ ಕೇಳಿ ನನಗೆ ಒಂದು ಫಾರ್ಮ್ ಬಂತು, ತುಂಬಲು ಎರಡು ದಿನ. ಅದರಲ್ಲಿ ಎರಡು ಖಾನೆ. ಮೊದಲನೆಯದು, ಇದು ರೈಡರಿನ ಸ್ವಂತ ಕೆಲಸ, ಉಸ್ತುವಾರಿಗೆ ಗೊತ್ತಿರಲಿಲ್ಲ. ಎರಡನೆಯದು, ಉಸ್ತುವಾರಿಗೆ ಗೊತ್ತಿತ್ತು. ಮೊದಲನೆಯದಕ್ಕೆ ಗುರುತು ಹಾಕಿದರೆ ಅವನ ಹೆಸರಿನ ಮುಂದೆ ವಂಚನೆ ಎಂದು ಬೀಳುತ್ತದೆ. ಹಾಗೆ ಬಿದ್ದವನನ್ನು ಇನ್ನೊಂದು ಕಂಪನಿಯೂ ಸೇರಿಸಿಕೊಳ್ಳುವುದಿಲ್ಲ. ಎರಡನೆಯದಕ್ಕೆ ಹಾಕಿದರೆ ಕಲೆ ನನ್ನ ದಾಖಲೆಗೆ.

ಏರಿಯಾ ಮ್ಯಾನೇಜರ್ ಸುತ್ತಿ ಬಳಸಿ ಮಾತಾಡಲಿಲ್ಲ. "ಮೊದಲ್ನೇ ಖಾನೆಕ ಹಾಕಿ ಮುಗಸ್ರಿ. ಒಬ್ಬಾಂವ ತಪ್ಪು ಮಾಡಿದಾ, ತಗದ್ವಿ, ಮುಗೀತು. ಈ ತಿಂಗಳ ಆಖೈರಿಗೆ ಕಂಪನಿ ಲೆಕ್ಕದ ರಿಸಲ್ಟ್ ಐತಿ, ಜಗ್ಗಾಡಬ್ಯಾಡ್ರಿ."

ಅವೆರಡು ದಿನ ನಾನು ನೆಟ್ಟಗೆ ಉಂಡಿಲ್ಲ, ಮಲಗಿಲ್ಲ. ಬೆಳಿಗ್ಗೆ ಲಾರಿ ಇಳಿಸಿ, ಗದಗಿನ ಭೀಷ್ಮ ಕೆರೆಗೆ ಹೋಗಿ ದಂಡೆಗುಂಟ ಸುಮ್ಮನೆ ಅಡ್ಡಾಡುವುದು, ಮೊಬೈಲ್ ತೆಗೆದು ಬೆಲೆ ನೋಡುವುದು, ನೋಡಿದ್ದಕ್ಕೆ ನನ್ನನ್ನೇ ಬೈದುಕೊಳ್ಳುವುದು. ಒಳ್ಳೆಯ ಮನುಷ್ಯನಾಗಿದ್ದರೆ ಯೋಚನೆಯೇ ಬೇಕಿರಲಿಲ್ಲ. ನಾನು ಎರಡು ದಿನ ಯೋಚಿಸಿದೆ ಎನ್ನುವುದೇ ನನಗೆ ಇಂದಿಗೂ ನಾಚಿಕೆ.

ಎರಡನೆಯ ದಿನ ರೈಡರ್ ಬಂದು ಗೋದಾಮಿನ ಕಟ್ಟೆಯ ಮೇಲೆ ಕೂತ. ಏನೋ ಹೇಳಲು ಬಂದವನ ಹಾಗಿತ್ತು. ನನಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ.

"ನೀ ಮನಿಗಿ ಹೋಗು" ಎಂದೆ. "ನಾ ಎಲ್ಲಾ ನೋಡ್ಕೋತೀನಿ."

"ಸರ, ಒಂದ ಮಾತ..."

"ನೋಡ್ಕೋತೀನಿ ಅಂದ್ನೆಲ್ಲೋ. ಹೋಗು."

ಅವನು ಎದ್ದು ಹೋದ. ಸಂಜೆ ನಾನು ಎರಡನೆಯ ಖಾನೆಗೆ ಗುರುತು ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. ಇದು ಒಬ್ಬನ ಕಳ್ಳಾಟವಲ್ಲ, ಪಕ್ಕಾ ವ್ಯವಸ್ಥೆ ಎಂದು ತೋರಿಸಲು ಕೂತು ಮೂರು ಪುಟ ಬರೆದೆ. ಮೂರೂ ದಾರಿ, ಹತ್ತೊಂಬತ್ತು ಊರು, ಯಾವ ಊರಲ್ಲಿ ಯಾರ ಗಿರಣಿ, ಎಷ್ಟು ಹೊತ್ತಿಗೆ ತೆರೆಯುತ್ತದೆ, ತಿಂಗಳಿಗೆ ಎಷ್ಟು ಪಾರ್ಸೆಲ್, ಕಳೆದದ್ದು ಸೊನ್ನೆ. ಎದೆ ಹಗುರಾಯಿತು. ಖರೆ ಹೇಳಬೇಕೆಂದರೆ ಒಂದಿಷ್ಟು ಜಂಬವೂ ಬಂತು, ಇಂಥ ವ್ಯವಸ್ಥೆ ಕಟ್ಟಿದವನು ನಾನು ಎಂದು. ಕಳಿಸಿ ಮನೆಗೆ ಹೋಗಿ ಮೂರು ರೊಟ್ಟಿ ಉಂಡೆ.

ವಾರದೊಳಗೆ ಬೆಂಗಳೂರಿನಿಂದ ತಪಾಸಣೆಯ ಮೇಡಂ ಬಂದರು. ಬೈಸಿಕೊಳ್ಳಲು ಸಿದ್ಧನಾಗಿದ್ದ ನನಗೆ ಅವರು ಬೈಯಲೇ ಇಲ್ಲ. ನನ್ನ ಜೊತೆ ಶಿರಹಟ್ಟಿ ಕಡೆಯ ಆ ಹಳ್ಳಿಗೆ ಬಂದು, ಮೂಗಿಗೆ ದುಪಟ್ಟಾ ಹಿಡಿದುಕೊಂಡು ಒಂದು ತಾಸು ಗಿರಣಿಯಲ್ಲೇ ನಿಂತರು. ಹೆಂಗಸರು ಬರುವುದು, ಬುಟ್ಟಿ ಇಳಿಸುವುದು, ಗಿರಣಿ ಅಕ್ಕ ಹಲಗೆಯಿಂದ ಪಾರ್ಸೆಲ್ ತೆಗೆದುಕೊಡುವುದು, ಎಲ್ಲ ನೋಡಿದರು. ಒಬ್ಬ ಮುದುಕಿಗೆ ಮೊಣಕಾಲಿಗೆ ಕಟ್ಟುವ ಪಟ್ಟಿ ಬಂದಿತ್ತು. ಅಕ್ಕ ಅಲ್ಲೇ ಬಿಚ್ಚಿ ಕಟ್ಟಿ ತೋರಿಸಿ ಕಳಿಸಿದಳು. ಮೇಡಂ ನಕ್ಕರು. ನಾನು ಗೆದ್ದೆ ಎಂದುಕೊಂಡೆ.

ವಾಪಸ್ ಬರುವಾಗ ಜೀಪಿನಲ್ಲಿ ಅವರು ಹೇಳಿದರು: "ನೀವು ಒಬ್ಬರ ಹೆಸರು ಬರೆದಿದ್ದರೆ ಇದು ಒಬ್ಬರ ತಪ್ಪಾಗಿ ಮುಗಿಯುತ್ತಿತ್ತು. ಹತ್ತೊಂಬತ್ತು ಊರು ಬರೆದಿದ್ದೀರಿ. ಎಲ್ಲ ಪಾರ್ಸೆಲೂ ಬಾಗಿಲಿಗೆ ಹೋಗುತ್ತದೆ ಅಂತ ಷೇರುದಾರರಿಗೆ ಕಂಪನಿ ಬರೆದುಕೊಟ್ಟಿದೆ. ಈಗ ನಾನು ಇದನ್ನ ಮೇಲಕ್ಕೆ ಕಳಿಸಲೇಬೇಕು."

"ಹಂಗಾದ್ರ ಗಿರಣಿನ ಕಂಪನಿ ಸೆಂಟರ್ ಅಂತ ಮಾಡ್ರಿ, ಮೇಡಂ. ನಿಯಮದೊಳಗ ಬರತೈತಲ್ಲ."

"ನಾನೂ ಅದನ್ನೇ ಬರೀತೀನಿ" ಎಂದರು. ಬರೆದರು ಕೂಡ; ಆ ಕಾಗದದ ಪ್ರತಿ ನನಗೂ ಬಂತು. ಅದರ ಹಿಂದೆಯೇ ಮೇಲಿನವರ ಉತ್ತರ. ಸೆಂಟರ್ ಎಂದರೆ ಕ್ಯಾಮೆರಾ ಬೇಕು, ಕರಾರು ಬೇಕು, ವಿಮೆ ಬೇಕು. ಆ ಊರುಗಳಿಗೆ ಬರುವ ಪಾರ್ಸೆಲ್‌ಗಳಿಗೆ ಅಷ್ಟು ಖರ್ಚು ಹೊಂದುವುದಿಲ್ಲ. ಆದ್ದರಿಂದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹತ್ತೊಂಬತ್ತೂ ಊರು ನಕಾಶೆಯಿಂದ ಹೊರಗೆ. ಆ ಜನ ಏನಾದರೂ ತರಿಸಿದರೆ ತಾಲೂಕು ಊರಿಗೆ ಬಂದು ಒಯ್ಯಬೇಕು. ನನ್ನ ಷೇರು ಹೋಯಿತು, ಎಚ್ಚರಿಕೆ ಪತ್ರ ಬಂತು. ರೈಡರಿನ ಐಡಿ ತೆರೆಯಿತು. ಒಂದನೇ ತಾರೀಖಿನಿಂದ ಅವನಿಗೆ ಬೆಟಗೇರಿ ಪೇಟೆಯ ಓಣಿಗಳನ್ನು ಕೊಟ್ಟರು.

ಷೇರು ಹೋದದ್ದು ನಾನು ಎಣಿಸಿದ್ದಕ್ಕಿಂತ ಹೆಚ್ಚು ನೋವಾಯಿತು. ಆದರೂ ಅವನನ್ನು ಉಳಿಸಿದೆನಲ್ಲ ಎನ್ನುವ ಒಂದು ಸಮಾಧಾನ ಹಿಡಿದುಕೊಂಡಿದ್ದೆ. ಐಡಿ ತೆರೆದ ದಿನ ಅವನು ಬಂದಾಗ, ಕೈ ಮುಗಿಯುತ್ತಾನೇನೋ ಎಂದುಕೊಂಡೆ. ಅವನು ಬಂದ್ ಆಗುವ ಊರುಗಳ ಪಟ್ಟಿ ಹಿಡಿದು ಹೆಸರು ಒಂದೊಂದಾಗಿ ಓದಿದ.

"ಸರ, ಅವತ್ತ ನಾ ಅದನ್ನ ಹೇಳಾಕ ಬಂದಿದ್ದೆ. ನನ್ನ ಹೆಸರು ಬರದು ಮುಗಸ್ರಿ ಅಂತ. ನಾ ಒಬ್ಬಾಂವ ಹೋಗತಿದ್ದೆ. ಟಂಟಂ ಹೊಡಿಯೂದು ನನಗ ಹೊಸಾದಲ್ಲ. ನನ್ನ ಜಾಗಾಕ ಬಂದಾಂವ ಗಿರಣಿ ದಾರಿ ಹಿಡೀತಿದ್ದ."

ನನಗೆ ಸಿಟ್ಟು ಬಂತು. "ವಂಚನೆ ಅಂತ ಹಣಿಮ್ಯಾಲ ಬರಸ್ಕೊಂಡು ಹೋಗಾವನಿದ್ದೇನು?" ಎಂದು ಕೂಗಿದೆ. ಅವನು ಚೀಲ ತುಂಬಿಕೊಳ್ಳಲು ಹೋದ.

ತಿಂಗಳ ಕೊನೆಯ ದಿನ ಗಿರಣಿ ಅಕ್ಕನ ಹಳ್ಳಿಯ ಕೊನೆಯ ಪಾರ್ಸೆಲ್‌ಗಳನ್ನು ಒಯ್ಯುವಾಗ ನಾನೂ ಅವನ ಬೈಕಿನ ಹಿಂದೆ ಕೂತೆ. ಗಿರಣಿ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಆಗುತ್ತಿತ್ತು. ಆದರೆ ಮನಸ್ಸು ನಿಲ್ಲಲಿಲ್ಲ. ನಾವು ಹೋದಾಗ ನಾಲ್ಕಾರು ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನಾಳೆಯಿಂದ ಪಾರ್ಸೆಲ್ ಇಲ್ಲಿಗೆ ಬರುವುದಿಲ್ಲ, ಶಿರಹಟ್ಟಿಗೆ ಹೋಗಿ ತರಬೇಕು ಎಂದು ಹೇಳಿದೆ. ಅಕ್ಕ ಗಿರಣಿ ನಿಲ್ಲಿಸಿದಳು.

"ಯಾಕ್ರಿ? ಒಂದರ ಕಳದೈತೇನು?"

"ಇಲ್ರಿ."

"ಯಾರರ ತಕರಾರು ಮಾಡ್ಯಾರೇನು?"

"ಅದೂ ಇಲ್ರಿ."

"ಮತ್ತ ಮ್ಯಾಲಿನವರಿಗೆ ಹೆಂಗ ಗೊತ್ತಾತು, ಇಲ್ಲಿ ಇಡ್ತೀರಿ ಅಂತ?"

ನಾನು ಬಾಯಿ ತೆರೆಯುವ ಮುಂಚೆ ರೈಡರ್ ನಡುವೆ ಬಂದ. "ಕಂಪ್ಯೂಟರ್ ಹಿಡೀತಕ್ಕಾ. ಅದಕ ಎಲ್ಲಾ ಗೊತ್ತಾಗತೈತಿ." ನನ್ನ ಕಡೆ ನೋಡದೆ ಹೇಳಿದ. ಅವನು ನನ್ನನ್ನು ಕಾಪಾಡುತ್ತಿದ್ದಾನೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನಿಂದ ಸುಮ್ಮನಿರಲಾಗಲಿಲ್ಲ.

"ಕಂಪ್ಯೂಟರ್ ಅಲ್ರಿ ಅಕ್ಕಾರ. ನಾನ ಬರದು ಕಳಿಸೇನಿ. ಹತ್ತೊಂಬತ್ತು ಊರಿಂದೂ ಬರದೆ. ನಿಮ್ಮ ಹೆಸರೂ ಬರದೆ. ಇಂವನ್ನ ಉಳಸಾಕ."

ಅಕ್ಕ ಅವನನ್ನು ನೋಡಿದಳು, ಆಮೇಲೆ ನನ್ನನ್ನು. ಸಿಟ್ಟಾಗಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಖರೆ ಬರದೀರಿ, ಅದಕ ನಾ ಏನೂ ಅನ್ನೂದಿಲ್ರಿ" ಎಂದಳು. "ಆದ್ರ ಇಂವಂದು ಕೆಲಸ, ನಂದು ಗಿರಣಿ, ಇವರ ಸಾಮಾನು. ಬರಿಯೂಕಿಂತ ಮೊದ್ಲ ನಮ್ಮನ್ನ ಒಂದ ಮಾತ ಕೇಳಬೇಕಿತ್ತರಿ, ಸಾಹೇಬ್ರ."

ನಾನು ಕೇಳಿರಲಿಲ್ಲ. ಕೇಳಬೇಕೆಂದು ಆ ಎರಡು ದಿನದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಮುಂದಿನ ಬುಟ್ಟಿ ಯಾರದು ಎಂದು ಕೇಳಿ ಗಿರಣಿ ಹಾಕಿದಳು.